ಕೋರ್ಡಾನಿಗೆ ರಿಯಾಯಿತಿ, ರಾಜಮೌಳಿಗೆ ಪಾಠ

‘ಆರ್‌ಆರ್‌ಆರ್’ ಎಂಬ ರಾಜಮೌಳಿಯ ಚಿತ್ರ ಬಂದು ವರ್ಷಗಳೇ ಕಳೆದರೂ ಬ್ರಿಟಿಷರನ್ನು ಅಷ್ಟು ಕ್ರೂರಿಗಳಾಗಿ ತೋರಿಸಬಾರದಿತ್ತೆಂಬ ಗೊಣಗಾಟ ನಿಂತಿಲ್ಲ. ಹೀಗೆ ಗೊಣಗುವ ವಿಮರ್ಶಕ ಮಹನೀಯರ ಮುಂದೆ ಅಲೆಕ್ಸಾಂಡರ್ ಕೋರ್ಡಾ ನಿರ್ಮಿಸಿದ ‘ದಿ ಡ್ರಮ್’ (1938) ಎನ್ನಿ, ದನಿ ಮೆತ್ತಗಾಗುತ್ತದೆ. ಅದನ್ನು ಆ ಕಾಲದ ಕಣ್ಣಿನಿಂದಲೇ ನೋಡಬೇಕಂತೆ! ಸರಿ, ಯಾರ ಕಣ್ಣಿನಿಂದ? ಅದೇ 1938ರಲ್ಲಿ ಮುಂಬಯಿಯ ಜನ ಬೀದಿಗಿಳಿದು ಆ ಚಿತ್ರವನ್ನು ವಿರೋಧಿಸಿದರು, ಮದ್ರಾಸಿನಲ್ಲೂ ಪ್ರತಿಭಟನೆಯಾಯಿತು. ಅವರೇನು ಮುಂದಿನ ಶತಮಾನದಿಂದ ಇಳಿದು ಬಂದವರೇ? ವಾಯವ್ಯ ಗಡಿಯ ರಾಜಕುಮಾರನೊಬ್ಬ ಡೋಲು ಬಾರಿಸಿ, ಔತಣದ ನಡುವೆ ಸಾಯಬೇಕಿದ್ದ ಬ್ರಿಟಿಷ್ ಅಧಿಕಾರಿಗಳನ್ನು ಎಚ್ಚರಿಸುವ ಕಥೆ ಅದು. ಅವರ ವಿರುದ್ಧ ಎದ್ದವನು ದುಷ್ಟ. ಆ ಪಾತ್ರಕ್ಕೆ ಬಣ್ಣ ಬಳಿದುಕೊಂಡವನು ಕೆನಡಾದ ರೇಮಂಡ್ ಮ್ಯಾಸಿ. ಡೋಲು ಬಾರಿಸಿದವನು ಮಾತ್ರ ನಮ್ಮ ಮೈಸೂರು ಸೀಮೆಯ ಮಾವುತನ ಮಗ ಸಾಬು.

ಸಾಬು ಹುಟ್ಟಿದ್ದು 1924ರಲ್ಲಿ. ಅದೇ ವರ್ಷದ ಮೇ ತಿಂಗಳಲ್ಲಿ ವಿಶಾಖಪಟ್ಟಣದ ಮನ್ಯಂ ಕಾಡಿನ ಕೊಯ್ಯೂರಿನಲ್ಲಿ ರಾಜಮೌಳಿ ನಾಯಕನಾಗಿಸಿದ ಬಂಡಾಯಗಾರ ಅಲ್ಲೂರಿ ಸೀತಾರಾಮ ರಾಜುವನ್ನು ಬ್ರಿಟಿಷರು ಗುಂಡಿಟ್ಟು ಕೊಂದರು. ಕಾಡು ಸವರಿ ಮಾಡುವ ಪೋಡು ಬೇಸಾಯಕ್ಕೆ ಅಡ್ಡಬಂದ ಅರಣ್ಯ ಕಾನೂನು, ಬಿಟ್ಟಿ ದುಡಿಮೆ, 1922ರಲ್ಲಿ ಚಿಂತಪಲ್ಲಿ ಠಾಣೆಯ ಮೇಲೆ ದಾಳಿ, ಎರಡು ವರ್ಷದ ಬೆನ್ನಟ್ಟುವಿಕೆ. ಸಾಹಸ ಚಿತ್ರಕ್ಕೆ ಇನ್ನೇನು ಬೇಕಿತ್ತು? ಆದರೆ ಈ ಬೆಟ್ಟಗಳತ್ತ ಕೋರ್ಡಾನ ಲಂಡನ್ ಫಿಲಮ್ಸ್ ಕ್ಯಾಮೆರಾ ತಿರುಗಿಸಲಿಲ್ಲ. ಅವನ ಚಿತ್ರದಲ್ಲಿ ಡೋಲು ಬಾರಿಸಿದ್ದು ಬೇರೆಯವರಿಗಾಗಿ.

ಬರೀ ಮನರಂಜನೆಗೆ ಇಷ್ಟೇಕೆ ರಗಳೆ ಎನ್ನುವವರು 1921ನ್ನು ನೆನೆಯಲಿ. ಅಂದು ಅಲ್ಲೂರಿಯ ವಿಶಾಖಪಟ್ಟಣ ಇದ್ದದ್ದು ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ. ‘ಭಕ್ತ ವಿದುರ’ ಎಂಬ ಮೂಕಿಚಿತ್ರದ ವಿದುರ ಗಾಂಧಿಯಂತೆ ಕಂಡನೆಂದು ಅದೇ ಮದ್ರಾಸಿನಲ್ಲಿ ಚಿತ್ರಕ್ಕೆ ನಿಷೇಧ ಬಿತ್ತು. ಪುರಾಣದ ವಿದುರನಲ್ಲೂ ರಾಜಕೀಯ ಪತ್ತೆಹಚ್ಚಿದ ಸರ್ಕಾರಕ್ಕೆ ಸಿನಿಮಾ ಏನು ಮಾಡಬಲ್ಲದೆಂದು ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದಿರುವುದು ನಮ್ಮ ವಿಮರ್ಶಕರಿಗೆ.

‘ಆರ್‌ಆರ್‌ಆರ್’ ಕೂಡ ಇತಿಹಾಸವಲ್ಲವಲ್ಲ ಎನ್ನುತ್ತಾರೆ. ಅಲ್ಲ, ರಾಜಮೌಳಿ ಇತಿಹಾಸ ಎಂದು ಮಾರಲೂ ಇಲ್ಲ. ಅದರಲ್ಲಿ ಅಲ್ಲೂರಿ ಮತ್ತು ಇನ್ನೊಬ್ಬ ಬಂಡಾಯಗಾರ ಕೊಮರಂ ಭೀಮ್ ಜೊತೆಗೂಡಿದ್ದು ಕಲ್ಪನೆಯೇ. ಆದರೆ ಆ ಕಲ್ಪನೆಯ ಬೆನ್ನಿಗೆ ಸೆನ್ಸಾರ್ ಮಂಡಳಿ, ಪೊಲೀಸು, ಫಿರಂಗಿ ನಿಂತಿರಲಿಲ್ಲ. ಕೋರ್ಡಾನ ಬೆನ್ನಿಗೆ ಒಂದು ಸಾಮ್ರಾಜ್ಯವೇ ಇತ್ತು.

ಸಾಬುವನ್ನು ದೂರುವುದು ಬೇಡ. ಹದಿಹರೆಯದ ಹುಡುಗ ಕೊಟ್ಟ ಪಾತ್ರ ಮಾಡಿದ. ದೂರಬೇಕಾದ್ದು ನಮ್ಮನ್ನು. ಮೈಸೂರು ಸೀಮೆಯಲ್ಲಿ ಅವನನ್ನೇ ಇಟ್ಟುಕೊಂಡು ಚಿತ್ರಿಸಿದ ‘ಎಲಿಫೆಂಟ್ ಬಾಯ್’ (1937) ಇಂದಿಗೂ ನೋಡಸಿಗುತ್ತದೆ, ಅದರ ಹೆಮ್ಮೆಯೂ ನಮಗಿದೆ. ಅದಕ್ಕಿಂತ ಮೂರೇ ವರ್ಷ ಮೊದಲು ಬಂದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯನ್ನೂ ನಾವು ಉಳಿಸಿಕೊಳ್ಳಲಿಲ್ಲ.