ದೂರ ಅವಗೆಂಪು ಖಗೋಳ ವೀಕ್ಷಣೆ: ಸೋಫಿಯಾ ವಿಮಾನ ದೂರದರ್ಶಕದ ನಂತರದ ಸ್ಥಿತಿಗತಿ

ಹಿನ್ನೆಲೆ:
ನಕ್ಷತ್ರಗಳು ಶೀತಲವಾದ ಅನಿಲ ಹಾಗೂ ಧೂಳಿನ ಮೋಡಗಳಲ್ಲಿ ಜನಿಸುತ್ತವೆ. ಧೂಳು ಗೋಚರ ಬೆಳಕನ್ನು ತಡೆಯುವುದರಿಂದ ಮೋಡದ ಒಳಭಾಗವು ಸಾಮಾನ್ಯ ದೂರದರ್ಶಕಕ್ಕೆ ಕಾಣುವುದಿಲ್ಲ. ಅಲ್ಲಿಂದ ಹೊರಬರುವ ದೂರ ಅವಗೆಂಪು ಕಿರಣಗಳನ್ನು ಭೂಮಿಯ ವಾಯುಮಂಡಲದ ನೀರಾವಿಯು ಹೀರಿಕೊಳ್ಳುತ್ತದೆ.

ಯೋಜನೆಯ ವಿವರ:
ಈ ತೊಡಕಿನ ನಿವಾರಣೆಗಾಗಿ ಅಮೆರಿಕದ ನಾಸಾ ಹಾಗೂ ಜರ್ಮನಿಯ ಡಿಎಲ್ಆರ್ ಸಂಸ್ಥೆಗಳು ಬೋಯಿಂಗ್ 747 ಎಸ್‌ಪಿ ವಿಮಾನದಲ್ಲಿ 2.7 ಮೀಟರ್ ವ್ಯಾಸದ ದರ್ಪಣವುಳ್ಳ ದೂರದರ್ಶಕವನ್ನು ಅಳವಡಿಸಿದವು. 2010ರಲ್ಲಿ ವೀಕ್ಷಣೆ ಆರಂಭಿಸಿದ 'ಸೋಫಿಯಾ', 12ರಿಂದ 14 ಕಿ.ಮೀ. ಎತ್ತರದಲ್ಲಿ, ಅಂದರೆ ಶೇ. 99ಕ್ಕೂ ಹೆಚ್ಚು ನೀರಾವಿಯ ಮೇಲೆ, ಹಾರಾಟ ನಡೆಸಿತು.

ಪ್ರಮುಖ ಫಲಿತಾಂಶ:
ಮಹಾವ್ಯಾಧ ನೀಹಾರಿಕೆಯಲ್ಲಿ ಅಯಾನೀಕೃತ ಇಂಗಾಲವು ಸೂಸುವ 158 ಮೈಕ್ರೋಮೀಟರ್ ತರಂಗಾಂತರದ ವಿಕಿರಣವನ್ನು ಅಳೆದು, ಅನಿಲದ ಚಲನೆಯ ನಕ್ಷೆಯನ್ನು ಸಿದ್ಧಪಡಿಸಲಾಯಿತು. ಒಂದೇ ಬೃಹತ್ ನಕ್ಷತ್ರದಿಂದ ಹೊಮ್ಮುವ ಮಾರುತವು ಸುತ್ತಲಿನ ಅನಿಲವನ್ನು ಸೆಕೆಂಡಿಗೆ ಸುಮಾರು 13 ಕಿ.ಮೀ. ವೇಗದಲ್ಲಿ ಹೊರದೂಡುತ್ತಿದೆ ಎಂಬ ಅಂಶವು 2019ರಲ್ಲಿ ಪ್ರಕಟವಾಯಿತು. ಹುಟ್ಟಿದ ನಕ್ಷತ್ರವೇ ನೆರೆಯಲ್ಲಿ ಹೊಸ ನಕ್ಷತ್ರಗಳ ಜನನಕ್ಕೆ ಅಡ್ಡಿಯಾಗಬಲ್ಲದು ಎಂಬುದು ಇದರ ತಾತ್ಪರ್ಯ.

ಸ್ಥಗಿತ ಮತ್ತು ಪರಿಣಾಮ:
ವಾರ್ಷಿಕ ಸುಮಾರು 8.5 ಕೋಟಿ ಡಾಲರ್ ವೆಚ್ಚಕ್ಕೆ ಅನುಗುಣವಾದ ವೈಜ್ಞಾನಿಕ ಫಲ ದೊರೆಯುತ್ತಿಲ್ಲವೆಂದು ಅಮೆರಿಕದ ತಜ್ಞರ ಸಮೀಕ್ಷೆಯು 2021ರಲ್ಲಿ ಅಭಿಪ್ರಾಯಪಟ್ಟಿತು. 2022ರ ಸೆಪ್ಟೆಂಬರ್ 29ರಂದು ಸೋಫಿಯಾದ ಕಾರ್ಯಾಚರಣೆ ಮುಕ್ತಾಯಗೊಂಡಿತು. ವೆಚ್ಚದ ದೃಷ್ಟಿಯಿಂದ ಈ ನಿರ್ಧಾರವು ಸಮರ್ಥನೀಯವೆನಿಸಿದರೂ, ಬದಲಿ ವ್ಯವಸ್ಥೆ ಸಿದ್ಧವಾಗುವ ಮುನ್ನವೇ ಇದನ್ನು ಕೈಗೊಂಡಿರುವುದು ಗಮನಾರ್ಹ. ಹರ್ಷೆಲ್ ಬಾಹ್ಯಾಕಾಶ ದೂರದರ್ಶಕವು 2013ರಲ್ಲಿಯೇ ಶೀತಕ ಹೀಲಿಯಂ ಮುಗಿದು ನಿಂತಿತ್ತು. ಜೇಮ್ಸ್ ವೆಬ್ ದೂರದರ್ಶಕದ ವ್ಯಾಪ್ತಿಯು ಸುಮಾರು 28 ಮೈಕ್ರೋಮೀಟರ್‌ಗೆ ಸೀಮಿತವಾಗಿದೆ. ಆದ್ದರಿಂದ 158 ಮೈಕ್ರೋಮೀಟರ್ ವೀಕ್ಷಣೆಯು ನಮ್ಮ ಗ್ಯಾಲಕ್ಸಿಯ ಮಟ್ಟಿಗೆ ಪ್ರಧಾನವಾಗಿ ಬಲೂನುಗಳನ್ನು ಅವಲಂಬಿಸುವಂತಾಗಿದೆ. 2023ರ ಡಿಸೆಂಬರ್ 31ರಂದು ಅಂಟಾರ್ಕ್ಟಿಕಾದಿಂದ ಹಾರಿಬಿಡಲಾದ ನಾಸಾದ 'ಗಸ್ಟೋ' ಇದಕ್ಕೆ ನಿದರ್ಶನ.

ಭಾರತದ ಪಾತ್ರ:
ಈ ವಿಧಾನವು ನಮ್ಮ ದೇಶಕ್ಕೆ ಹೊಸದಲ್ಲ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು ಜಪಾನಿನ ವಿಜ್ಞಾನಿಗಳ ಸಹಯೋಗದೊಂದಿಗೆ, ಹೈದರಾಬಾದಿನಿಂದ ಬಲೂನಿನ ಮೂಲಕ 1 ಮೀಟರ್ ವ್ಯಾಸದ ದೂರದರ್ಶಕವನ್ನು ಮೇಲಕ್ಕೆ ಕಳುಹಿಸಿ, ಇದೇ ಇಂಗಾಲದ ವಿಕಿರಣವನ್ನು ಅಧ್ಯಯನ ಮಾಡಿದೆ.

ಸಾರ್ವಜನಿಕರ ಗಮನಕ್ಕೆ:
ಸೋಫಿಯಾ ಸಂಗ್ರಹಿಸಿದ ದತ್ತಾಂಶವನ್ನು ನಾಸಾದ ಅವಗೆಂಪು ವಿಜ್ಞಾನ ಸಂಗ್ರಹಾಲಯವಾದ 'ಇರ್ಸಾ'ದಲ್ಲಿ ಸಾರ್ವಜನಿಕ ಬಳಕೆಗೆ ಉಚಿತವಾಗಿ ಇರಿಸಲಾಗಿದೆ. ವಿಮಾನವು ನಿಂತಿದ್ದರೂ ಅಧ್ಯಯನ ನಿಂತಿಲ್ಲ. ವಿದ್ಯಾರ್ಥಿಗಳು ಹಾಗೂ ಸಂಶೋಧಕರು ಇದರ ಸದುಪಯೋಗ ಪಡೆದುಕೊಳ್ಳಬಹುದಾಗಿದೆ.