ಗಡಿ ಎಣಿಸುವ ಪ್ರವಾಸ ಬೇಡ



ಕಳೆದ ಒಂದು ತಿಂಗಳಿನಿಂದ ನಮ್ಮ ಅನಗೋಳದ ಮನೆಯಲ್ಲಿ ಒಂದೇ ಚರ್ಚೆ. ಜರ್ಮನಿಯ ಸ್ಟುಟ್‌ಗಾರ್ಟ್ ನಗರದಲ್ಲಿರುವ ಮಗ ಬರುವ ಬೇಸಿಗೆಯಲ್ಲಿ ನಮ್ಮಿಬ್ಬರನ್ನೂ ಕರೆಸಿಕೊಂಡು, ತನ್ನ ಕಾರಿನಲ್ಲಿಯೇ ಯುರೋಪ್ ತೋರಿಸುವ ಯೋಜನೆಯೊಂದನ್ನು ಸಿದ್ಧಪಡಿಸಿ ಕಳಿಸಿದ್ದಾನೆ. ಹದಿನಾರು ದಿನ, ಹನ್ನೊಂದು ದೇಶ, 3,200 ಕಿಲೋಮೀಟರ್. ಅದನ್ನು ಮೂರು ಸಲ ಓದಿ, ನಕಾಶೆ ಬಿಡಿಸಿ ನೋಡಿ, ‘ಹೀಗೆ ಬೇಡ’ ಎಂದು ಬರೆದೆ. ಸುದ್ದಿ ಬಂಧುಬಳಗದಲ್ಲೆಲ್ಲ ಹರಡಿತು. ಧಾರವಾಡದಿಂದ ತಂಗಿ ಫೋನು ಮಾಡಿ, “ಅಣ್ಣಾ, ಹುಡುಗ ಅಷ್ಟು ಪ್ರೀತೀಲೆ ಕರದ್ರ ಬ್ಯಾಡ ಅಂತೀಯಲ್ಲಾ, ನಿನಗೇನಾಗೇದ?” ಎಂದು ಗದರಿಸಿದಳು. ಅವಳಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ತುಸು ವಿವರವಾಗಿ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಅನೇಕರು ಈಗ ಪರದೇಶಗಳಲ್ಲಿದ್ದೀರಿ, ತಂದೆತಾಯಿಗಳನ್ನು ಕರೆಸಿಕೊಳ್ಳುವವರಿದ್ದೀರಿ. ನಿಮಗೂ ಉಪಯೋಗವಾದೀತು.

ಮೊದಲು ಮಗನ ಶ್ರಮವನ್ನು ಮೆಚ್ಚಲೇಬೇಕು. ಸ್ಟುಟ್‌ಗಾರ್ಟಿನಿಂದ ಹೊರಟು ಫ್ರಾನ್ಸಿನ ಸ್ಟ್ರಾಸ್‌ಬರ್ಗ್, ಸ್ವಿಟ್ಜರ್ಲೆಂಡ್, ಲಿಕ್ಟನ್‌ಸ್ಟೈನ್, ಆಸ್ಟ್ರಿಯಾ, ಇಟಲಿಯ ವೆನಿಸ್. ಅಲ್ಲಿಂದ ಸ್ಲೊವೇನಿಯಾ, ಕ್ರೊಯೇಷಿಯಾ, ಹಂಗೆರಿ, ಸ್ಲೊವಾಕಿಯಾ, ಝೆಕ್ ಹಾದು ಮರಳಿ ಜರ್ಮನಿ. ಪ್ರತಿಯೊಂದು ದೇಶದ ನಿಯಮವನ್ನೂ ಗುರುತು ಹಾಕಿಕೊಂಡಿದ್ದಾನೆ. ಸ್ವಿಟ್ಜರ್ಲೆಂಡಿನ ಹೆದ್ದಾರಿಗೆ 40 ಫ್ರಾಂಕಿನ ವಾರ್ಷಿಕ ಪರವಾನಗಿ ಚೀಟಿ ಬೇಕು. ಒಂದೇ ದಿನ ಹೋಗುವವನಿಗೂ ಅಷ್ಟೇ ಹಣ. ಆಸ್ಟ್ರಿಯಾದಲ್ಲಿ ಚೀಟಿಯ ಹಣವಲ್ಲದೆ, ಸುಮಾರು 14 ಕಿಲೋಮೀಟರ್ ಉದ್ದದ ಆರ್ಲ್‌ಬರ್ಗ್ ಸುರಂಗಕ್ಕೆ ಬೇರೆ ಸುಂಕ. ಇಟಲಿ, ಫ್ರಾನ್ಸ್, ಕ್ರೊಯೇಷಿಯಾಗಳಲ್ಲಿ ನಮ್ಮ ಟೋಲ್ ನಾಕಾಗಳಂತೆ ಓಡಿದಷ್ಟು ದೂರಕ್ಕೆ ಹಣ. ಇಟಲಿಯ ಹಳೆಯ ಪೇಟೆಗಳೊಳಗೆ ಅನುಮತಿಯಿಲ್ಲದೆ ಕಾರು ನುಗ್ಗಿಸಿದರೆ ಕ್ಯಾಮೆರಾ ಹಿಡಿಯುತ್ತದೆ. ದಂಡದ ಪತ್ರ ತಿಂಗಳುಗಳ ಮೇಲೆ ಮನೆಗೆ ಬರುತ್ತದೆ. ಯೂರೋ ಒಂದೇ ಸಾಲದು. ಫ್ರಾಂಕ್, ಫೋರಿಂಟ್, ಕೊರುನಾಗಳ ಲೆಕ್ಕವೂ ಇರಬೇಕು. ಐದು ವರ್ಷದ ಮೊಮ್ಮಗಳಿಗೆ ಮಕ್ಕಳ ಆಸನ ಕಡ್ಡಾಯ. ಅಲ್ಲಿ ಅಜ್ಜಿಯ ತೊಡೆಯ ಮೇಲೆ ಕೂಡಿಸಿಕೊಂಡು ಹೋಗುವಂತಿಲ್ಲ. ನಮ್ಮ ವೀಸಾಕ್ಕೆ ಹೆಚ್ಚು ದಿನ ಇರುವ ದೇಶಕ್ಕೇ ಅರ್ಜಿ ಹಾಕಬೇಕು, ಕನಿಷ್ಠ 30,000 ಯೂರೋಗಳ ವೈದ್ಯಕೀಯ ವಿಮೆ ಮಾಡಿಸಬೇಕು. ಹೀಗೆ ಎಲ್ಲವೂ ಅಚ್ಚುಕಟ್ಟು. ಪರೀಕ್ಷೆಯ ಉತ್ತರಪತ್ರಿಕೆಯಾಗಿದ್ದರೆ ಪೂರ್ಣ ಅಂಕ ಕೊಡುತ್ತಿದ್ದೆ.

ಆದರೂ ಬೇಡವೆಂದದ್ದೇಕೆ? ಆ ಯೋಜನೆಯಲ್ಲಿ ದೇಶಗಳಿದ್ದವು, ರಸ್ತೆಗಳಿದ್ದವು. ಪ್ರಯಾಣ ಮಾಡುವ ಐದು ಜನರಿರಲಿಲ್ಲ. ಮನೆಯಾಕೆಯ ಮೊಣಕಾಲು ಅದರಲ್ಲಿರಲಿಲ್ಲ. ಮಗುವಿನ ಮಧ್ಯಾಹ್ನದ ನಿದ್ದೆ ಇರಲಿಲ್ಲ. ಹದಿನಾರು ದಿನಗಳಲ್ಲಿ ಹತ್ತು ವಸತಿಗಳು. ಅಂದರೆ ಹತ್ತು ಸಲ ಪೆಟ್ಟಿಗೆ ಬಿಚ್ಚುವುದು, ಹತ್ತು ಸಲ ಕಟ್ಟುವುದು. ಪ್ರತಿದಿನ ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿ ಎರಡು ತಾಸು, ಸಂಜೆ ಹೊಸ ಊರಿನಲ್ಲಿ ಮನೆ ಹುಡುಕಿ, ಕಾರು ನಿಲ್ಲಿಸಿ, ಅನ್ನಕ್ಕಿಡುವುದರಲ್ಲಿ ಎರಡು ತಾಸು. ಇದರ ಮೇಲೆ ನಾಲ್ಕೈದು ತಾಸಿನ ಓಟ. ಉಳಿದ ಸಮಯದಲ್ಲಿ ಒಂದು ದೇಶ ನೋಡಬೇಕು!

ಈ ಆತುರಕ್ಕೆ ನನಗೊಂದು ಕಾರಣ ತೋರುತ್ತದೆ. 1985ರ ಜೂನ್ 14ರಂದು ಲಕ್ಸೆಂಬರ್ಗಿನ ಷೆಂಗೆನ್ ಎಂಬ ಹಳ್ಳಿಯ ಬಳಿ, ಮೊಸೆಲ್ ನದಿಯಲ್ಲಿ ನಿಂತ ಹಡಗಿನ ಮೇಲೆ, ಐದು ದೇಶಗಳು ಪರಸ್ಪರ ಗಡಿತಪಾಸಣೆಯನ್ನು ತೆಗೆಯುವ ಒಪ್ಪಂದಕ್ಕೆ ಸಹಿ ಹಾಕಿದವು. ಅದು ಜಾರಿಗೆ ಬಂದದ್ದು 1995ರ ಮಾರ್ಚ್‌ನಲ್ಲಿ. ಕ್ರೊಯೇಷಿಯಾ 2023ರ ಜನವರಿಯಲ್ಲಿ ಸೇರಿತು. ಈಚೆಗೆ ಕೆಲವು ದೇಶಗಳು ಮತ್ತೆ ತಾತ್ಕಾಲಿಕ ತಪಾಸಣೆಗೆ ಇಳಿದಿವೆ. ಜರ್ಮನಿ 2024ರ ಸೆಪ್ಟೆಂಬರ್‌ನಲ್ಲಿ ತನ್ನ ಎಲ್ಲ ನೆಲಗಡಿಗಳಿಗೂ ಅದನ್ನು ವಿಸ್ತರಿಸಿತು. ಹೀಗಾಗಿ ಪಾಸ್‌ಪೋರ್ಟ್ ಕೈಯಲ್ಲೇ ಇರಬೇಕು. ಆದರೆ ಒಟ್ಟಿನಲ್ಲಿ ರಸ್ತೆ ಮುಕ್ತ. ಹಿಂದೆ ಗಡಿಯೇ ಪ್ರಯಾಣಿಕನನ್ನು ನಿಲ್ಲಿಸುತ್ತಿತ್ತು, ಈಗ ನಿಲ್ಲಿಸುವವರಿಲ್ಲ. ತಾನೇ ನಿಲ್ಲಲು ಕಲಿಯದವನು ಓಡುತ್ತಲೇ ಇರುತ್ತಾನೆ.

ಇದನ್ನು ನಾನು ಕಲಿತದ್ದು ಯುರೋಪಿನಲ್ಲಲ್ಲ, ನಮ್ಮ ಬೆಳಗಾವಿಯ ರಸ್ತೆಗಳಲ್ಲೇ. ಇಲ್ಲಿಯೂ ಒಂದು ದಿನದಲ್ಲಿ ಮೂರು ರಾಜ್ಯ ಸುತ್ತಬಹುದು. 2008ರ ದಸರಾ ರಜೆಯಲ್ಲಿ ಬಾಡಿಗೆಯ ಸುಮೋ ಮಾಡಿಕೊಂಡು ನಾವು ಅದನ್ನೇ ಮಾಡಿದೆವು. ನಸುಕಿನ ಐದಕ್ಕೆ ಅನಗೋಳ ಬಿಟ್ಟು, ಶಿನೋಳಿಯಲ್ಲಿ ಮಹಾರಾಷ್ಟ್ರ ಹೊಕ್ಕು, ಅಂಬೋಲಿ ಘಾಟ್ ಇಳಿದು, ಸಾವಂತವಾಡಿ, ಬಾಂದಾ ದಾಟಿ ಪಣಜಿ. ಸಂಜೆ ಸಾಂಖಳಿ, ಚೋರ್ಲಾ ಘಾಟ್ ಮೇಲೆ ಮರಳಿ ಖಾನಾಪುರ ತಾಲ್ಲೂಕು. ಸುಮಾರು 300 ಕಿಲೋಮೀಟರ್. ಆಗ ಹದಿನಾಲ್ಕರ ಹುಡುಗನಾಗಿದ್ದ ಮಗ ಪ್ರತಿ ಗಡಿಯ ಫಲಕ ಬಂದಾಗಲೂ ಬೆರಳು ಮಡಚಿ ಎಣಿಸುತ್ತಿದ್ದ. ಅವನ ಉತ್ಸಾಹಕ್ಕೆ ಕುಮ್ಮಕ್ಕು ಕೊಟ್ಟವನು ನಾನೇ, ಭೂಗೋಳದ ಮಾಸ್ತರನಲ್ಲವೇ!

ಹಿಂದಿನ ಸೀಟಿನಲ್ಲಿ ನಮ್ಮವ್ವ ಇದ್ದಳು. ಅವಳ ತವರು ಮಲಪ್ರಭೆಯ ದಂಡೆಯ ಮುನವಳ್ಳಿ. ಹೊಳೆಯಲ್ಲಿ ಈಜಿ, ಅದರ ನೀರು ಹೊತ್ತು ಬೆಳೆದವಳು. ಆ ಹೊಳೆ ಹುಟ್ಟುವ ಕಣಕುಂಬಿ ಚೋರ್ಲಾ ರಸ್ತೆಯ ಮೇಲೆಯೇ ಇದೆ. ಗಾಡಿ ಅಲ್ಲಿಗೆ ಬಂದಾಗ ಮಂಜು ಕವಿದು ಹೊತ್ತು ಮುಳುಗುತ್ತಿತ್ತು. “ಇಲ್ಲೆ ಸ್ವಲ್ಪ ಇಳಿಯೂಣೇನಪಾ? ಹೊಳಿ ಹುಟ್ಟೂದು ನಾ ಎಂದೂ ನೋಡಿಲ್ಲ” ಎಂದಳು. ರಾತ್ರಿ ಎಂಟರೊಳಗೆ ಮನೆ ಮುಟ್ಟಬೇಕು, ಗಾಡಿಯ ಬಾಡಿಗೆ ಏರುತ್ತದೆ ಎಂಬ ಲೆಕ್ಕ ನನ್ನದು. “ಇನ್ನೊಮ್ಮೆ ಇದಕ್ಕಂತನ ಬರೂಣವ್ವಾ” ಎಂದೆ. ಅವಳು, “ಆತು ಬಿಡು, ಹೊಳಿ ಎಲ್ಲಿ ಹೋಗತದ” ಎಂದು ಸುಮ್ಮನಾದಳು. ಮರುವರ್ಷ ಮಳೆಗಾಲದಲ್ಲಿ ಅವಳು ತೀರಿಕೊಂಡಳು. ಅನಗೋಳದಿಂದ ಕಣಕುಂಬಿಗೆ ಒಂದು ತಾಸಿನ ದಾರಿ. ನಡುವೆ ಇದ್ದ ಎಷ್ಟೋ ಭಾನುವಾರಗಳಲ್ಲಿ ನಾನು ಅವಳನ್ನು ಕರೆದೊಯ್ಯಲಿಲ್ಲ.

ಮೂರು ರಾಜ್ಯ ನೋಡಿದೆವೆಂದು ಶಾಲೆಯ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡೆ. ಆದರೆ ಆ ದಿನದ ಬಗ್ಗೆ ಇಂದು ನನಗೆ ನೆನಪಿರುವುದು ಆ ಒಂದು ಮಾತು ಮಾತ್ರ.

ನನ್ನ ವಿರುದ್ಧ ಇರುವ ವಾದವನ್ನೂ ಹೇಳಬೇಕು. ಸೊಸೆ ಬರೆದಿದ್ದಾಳೆ: “ಮಾವಾ, ಇಷ್ಟು ಖರ್ಚು ಮಾಡಿ ಬರುತ್ತೀರಿ. ಮತ್ತೆ ಬರುವುದು ಆಗುತ್ತದೆಯೋ ಇಲ್ಲವೋ. ಆದಷ್ಟು ನೋಡಿಬಿಡಿ.” ತಂಗಿಯೂ ‘ದೇಶ ಸುತ್ತು, ಕೋಶ ಓದು’ ಎಂಬ ಗಾದೆಯನ್ನು ನನಗೇ ಪಾಠ ಮಾಡಿದಳು. ಸೊಸೆಯ ಮಾತಿನಲ್ಲಿ ಹುರುಳಿದೆ. ಮತ್ತೆ ಹೋಗುವುದು ನಮ್ಮ ವಯಸ್ಸಿನಲ್ಲಿ ಖಾತ್ರಿಯಲ್ಲ. ಆದರೆ ಮತ್ತೆ ಆಗದು ಎಂಬುದಕ್ಕಾಗಿಯೇ ನಿಧಾನ ಬೇಕು ಎನ್ನುತ್ತೇನೆ ನಾನು. ಕೋಶದ ಹಾಳೆಗಳನ್ನು ಸರಸರ ಮಗುಚಿದವನನ್ನು ಓದಿದವನೆಂದು ಯಾರೂ ಕರೆಯುವುದಿಲ್ಲ. ಸುತ್ತುವುದಕ್ಕೂ ಅದೇ ಮಾತು ಸಲ್ಲುತ್ತದೆ.

ಆದ್ದರಿಂದ ನಾನೊಂದು ಬದಲಿ ಯೋಜನೆ ಬರೆದು ಕಳಿಸಿದೆ. ಅದರ ನಿಯಮಗಳು ನಾಲ್ಕೇ. ದಿನಕ್ಕೆ 300 ಕಿಲೋಮೀಟರಿಗಿಂತ ಹೆಚ್ಚು ಓಡಬಾರದು. ಎರಡು ತಾಸಿಗೊಮ್ಮೆ ಎಲ್ಲರೂ ಇಳಿದು ಕಾಲಾಡಿಸಬೇಕು. ಮೂರು ದಿನಕ್ಕೊಮ್ಮೆ ಕಾರಿನ ಕೀಲಿಕೈ ಮುಟ್ಟಬಾರದು. ದಾರಿಯಲ್ಲಿ ಯಾರಾದರೂ ‘ಇಲ್ಲಿ ನಿಲ್ಲೋಣ’ ಎಂದರೆ, ಮಗುವೇ ಆಗಲಿ, ನಿಲ್ಲಿಸಲು ಜಾಗವಿದ್ದರೆ ನಿಲ್ಲಿಸಬೇಕು, ಕಾರಣ ಕೇಳಬಾರದು.

ನೆಲೆಗಳು ಮೂರು. ಮೊದಲು ಷೆಂಗೆನ್. ಜರ್ಮನಿ, ಫ್ರಾನ್ಸ್, ಲಕ್ಸೆಂಬರ್ಗ್ ಕೂಡುವ ಆ ನದಿಯ ದಂಡೆಯಲ್ಲಿ ಎರಡು ದಿನ ಕೂಡಬೇಕೆಂಬುದು ನನ್ನ ಆಸೆ. ಗಡಿವಿವಾದ ಕಾವೇರಿದಾಗಲೆಲ್ಲ ಬಸ್ಸು ನಿಲ್ಲುವುದನ್ನು ಕಂಡ ಊರಿನವನು ನಾನು. 2022ರ ಡಿಸೆಂಬರಿನಲ್ಲಿಯೂ ಹಾಗಾಯಿತು. ಎರಡು ಮಹಾಯುದ್ಧಗಳಲ್ಲಿ ಕಾದಾಡಿದ ದೇಶಗಳು ಗಡಿಯ ಕಾವಲು ತೆಗೆದ ಜಾಗವನ್ನು ಕಾರಿನ ಕಿಟಕಿಯಿಂದ ನೋಡಿ ಮುಂದೆ ಹೋಗಲಾರೆ. ಅಲ್ಲಿಂದ ಮಗನ ಮನೆಗೆ ಮರಳಿ ಬಟ್ಟೆ ಒಗೆದುಕೊಂಡು, ಎರಡನೆಯದಾಗಿ ಬೋಡನ್ ಸರೋವರದ ದಂಡೆ. ಅದರ ಸುತ್ತ ಜರ್ಮನಿ, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ ಮೂರೂ ಇವೆ. ಮನೆಯಾಕೆ ದೋಣಿಯಲ್ಲಿ ಕುಳಿತೇ ಮೂರು ದೇಶ ನೋಡಬಹುದು. ಮೂರನೆಯದು ಇನ್ಸ್‌ಬ್ರುಕ್, ಆಲ್ಪ್ಸ್ ಪರ್ವತಗಳ ನಡುವಿನ ಊರು. ವೆನಿಸ್, ಬುಡಾಪೆಸ್ಟ್, ಪ್ರಾಗ್ ಬಿಟ್ಟುಹೋದವು. ನಕಾಶೆಯ ಮೇಲೆ ಅವುಗಳನ್ನು ಹೊಡೆದುಹಾಕುವಾಗ ನನಗೂ ಕೈ ತಡೆಯಿತು. ಮೂರು ದಶಕ ಪಾಠ ಮಾಡಿದ ಊರುಗಳವು.

ಮೊನ್ನೆ ಮಗನ ಉತ್ತರ ಬಂತು. ವೆನಿಸ್ ಒಂದನ್ನಾದರೂ ಸೇರಿಸೋಣವೆಂದು ಅವನ ಹಟ. ಆ ಮಾತುಕತೆ ಇನ್ನೂ ಮುಗಿದಿಲ್ಲ. ಕಣಕುಂಬಿಯ ಸಂಗತಿಯನ್ನೂ ನಾನು ಪತ್ರದಲ್ಲಿ ಬರೆದಿದ್ದೆ. ಅದಕ್ಕೆ ಅವನು, “ಅಪ್ಪಾ, ಅಜ್ಜಿ ಇಳಿಯೂಣ ಅಂದಿದ್ದು ನನಗ ನೆನಪೇ ಇಲ್ಲ. ನಾ ಬೋರ್ಡ್ ಎಣಸಾಕತ್ತಿದ್ದೆ ಅನಸ್ತದ” ಎಂದು ಬರೆದಿದ್ದಾನೆ.

ತಪ್ಪು ಅವನದಲ್ಲ. ಎಣಿಸಲು ಕಲಿಸಿದವನು ನಾನು. ನಿಲ್ಲುವುದನ್ನೂ ನಾನೇ ಕಲಿಸಬೇಕು, ಇನ್ನೂ ಸಮಯವಿದೆ. ನೀವೂ ಮುಂದಿನ ಪ್ರವಾಸದ ಯೋಜನೆ ಹಾಕುವಾಗ, ಊರುಗಳ ಪಟ್ಟಿಗಿಂತ ಮೊದಲು ಗಾಡಿಯಲ್ಲಿ ಕೂಡುವವರ ಹೆಸರು ಬರೆದುಕೊಳ್ಳಿರಿ. ಒಬ್ಬೊಬ್ಬರನ್ನೂ ‘ನಿಮಗೆ ಎಲ್ಲಿ ಇಳಿಯಬೇಕು?’ ಎಂದು ಕೇಳಿರಿ. ಹಿಂದಿನ ಸೀಟಿನಲ್ಲಿ ಕುಳಿತವರನ್ನು ಮೊದಲು ಕೇಳಿರಿ.