ಬೆಳೆಸಿ ಕೊಲ್ಲುವ ಔಷಧಿ

ರಾಗಿಯ ಹೊಲದಲ್ಲಿ ದಿನವೆಲ್ಲ ಬಗ್ಗಿ ಕಳೆ ಕಿತ್ತವರಿಗೆ, ಪೈರನ್ನು ಉಳಿಸಿ ಕಳೆಯನ್ನಷ್ಟೇ ಕೊಲ್ಲುವ ಔಷಧಿಯುಂಟೆಂಬುದು ಮಂತ್ರವಾದಿಯ ಮಾತಿನಂತೆ ಕೇಳಿಸಿದರೆ ಆಶ್ಚರ್ಯವಿಲ್ಲ. ಅಂತಹ ಔಷಧಿಗಳಲ್ಲಿ ಹಳೆಯದೂ ಹೆಸರಾದದ್ದೂ 2,4-ಡಿ. ಪೂರ್ಣನಾಮ 2,4-ಡೈಕ್ಲೋರೋಫಿನಾಕ್ಸಿ ಅಸಿಟಿಕ್ ಆಮ್ಲ. ಅದನ್ನು ಉಚ್ಚರಿಸುವ ಪ್ರಯಾಸವನ್ನು ರೈತರೂ ಅಂಗಡಿಯವರೂ ಪಡುವುದಿಲ್ಲ. 1941ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಪೊಕಾರ್ನಿ ಇದರ ತಯಾರಿಕೆಯ ವಿಧಾನವನ್ನು ಪ್ರಕಟಿಸಿದನು.

ಇದು ಸುಟ್ಟು ಕೊಲ್ಲುವ ವಿಷವಲ್ಲ. ಸಸ್ಯಗಳ ಬೆಳವಣಿಗೆಯನ್ನು ನಡೆಸುವ ಆಕ್ಸಿನ್ ಎಂಬ ಹಾರ್ಮೋನಿನ ವೇಷ ಧರಿಸಿ 2,4-ಡಿ ಒಳಹೊಗುತ್ತದೆ. ಸಸ್ಯವು ತನ್ನ ಆಕ್ಸಿನನ್ನು ಬೇಕಾದಾಗ ಒಡೆದುಹಾಕಬಲ್ಲದು. ಈ ವೇಷಧಾರಿಯನ್ನು ಅಗಲ ಎಲೆಯ ಗಿಡಗಳು ಅಷ್ಟು ಬೇಗ ಒಡೆಯಲಾರವು. ಬೆಳೆಯೆಂಬ ಆಜ್ಞೆ ನಿಲ್ಲುವುದೇ ಇಲ್ಲ. ಕಾಂಡ ತಿರುಚಿಕೊಳ್ಳುತ್ತದೆ, ಎಲೆ ಮುದುರುತ್ತದೆ, ಒಳಗಿನ ನಾಳಗಳು ಕೆಟ್ಟು ಗಿಡವು ಬೆಳೆದು ಬೆಳೆದೇ ಸಾಯುತ್ತದೆ. ಹುಲ್ಲಿನ ಕುಲಕ್ಕೆ ಸೇರಿದ ರಾಗಿ, ಗೋಧಿ, ಮೆಕ್ಕೆಜೋಳ, ಕಬ್ಬುಗಳ ಎಲೆ ಕಿರಿದು, ನೆಟ್ಟಗೆ; ಹನಿ ಜಾರಿಬೀಳುತ್ತದೆ. ಸುಳಿಯು ಎಲೆಯ ಕವಚದೊಳಗೆ ಅಡಗಿರುತ್ತದೆ. ಒಳಸೇರಿದಷ್ಟನ್ನೂ ಅವು ಬೇಗ ನಿರ್ವಿಷಗೊಳಿಸುತ್ತವೆ. ಆದರೂ ತೀರ ಎಳೆಯ ಪೈರಿಗೂ ತೆನೆ ಹೊರಡುವ ಪೈರಿಗೂ ಇದು ಸಲ್ಲದು. ಹುಲ್ಲಿನ ಜಾತಿಯ ಕಳೆಯಂತೂ ಇದಕ್ಕೆ ಬಗ್ಗದು. ಕಾಂಗ್ರೆಸ್ ಹುಲ್ಲು ಸಾಯುತ್ತದಲ್ಲ ಎಂದು ಕೇಳಬಹುದು. ಹೆಸರಿನಲ್ಲಿ ಹುಲ್ಲಿದ್ದರೂ ಅದು ಸೂರ್ಯಕಾಂತಿಯ ಕುಟುಂಬದ್ದು!

ಶುದ್ಧ 2,4-ಡಿ ಬಿಳಿಯ ಹರಳುಪುಡಿ. ಸುಮಾರು 140 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ನೀರಿನಲ್ಲಿ ಸುಲಭವಾಗಿ ಬೆರೆಯದ್ದರಿಂದ ಸೋಡಿಯಂ ಅಥವಾ ಅಮೈನ್ ಲವಣವಾಗಿ, ಇಲ್ಲವೇ ಎಸ್ಟರ್ ರೂಪದಲ್ಲಿ ಮಾರುತ್ತಾರೆ. ಸಾಮಾನ್ಯವಾಗಿ ಹೆಕ್ಟೇರಿಗೆ ಅರ್ಧದಿಂದ ಒಂದು ಕಿಲೋ ಸಾಕು. ತಕರಾರು ಹುಟ್ಟುವುದು ಎಸ್ಟರಿನಿಂದ. ಅದು ಎಲೆಯ ಮೇಣವನ್ನು ಬೇಗ ದಾಟುತ್ತದೆಯೆಂಬುದೇನೋ ನಿಜ. ಆದರೆ ಅದರ ಕೆಲವು ಬಗೆಗಳು ಬಿಸಿಲೇರಿದೊಡನೆ ಆವಿಯಾಗಿ ಗಾಳಿಯೊಡನೆ ಹೊರಟುಬಿಡುತ್ತವೆ. ಗಾಳಿಗೆ ಬದು ತಿಳಿಯದು. ಲವಣದ ಸಣ್ಣ ಹನಿಗಳೂ ಗಾಳಿಯಲ್ಲಿ ತೇಲಿ ಹೋಗುವುದುಂಟು. ಹತ್ತಿ, ದ್ರಾಕ್ಷಿ, ಟೊಮ್ಯಾಟೊ ಗಿಡಗಳಿಗೆ ಇದರ ಸೋಂಕೇ ಸಾಕು. ಒಬ್ಬನ ಮೆಕ್ಕೆಜೋಳದ ಹೊಲ ಹಸನಾದ ಕೆಲವೇ ದಿನಗಳಲ್ಲಿ ನೆರೆಯವನ ಹತ್ತಿಯ ಎಲೆಗಳು ಬೆರಳಿನಂತೆ ಸೀಳಿ ನೀಳವಾಗುತ್ತವೆ. ಸಾಲ ಮಾಡಿ ಬಿತ್ತಿದ ಹತ್ತಿಯಾದರೆ ಆ ಸಂಸಾರದ ವರ್ಷವೇ ಹೋದಂತೆ; ಗಾಳಿಯ ಮೇಲೆ ದಾವೆ ಹೂಡುವುದೆಲ್ಲಿ?

ಆದುದರಿಂದಲೇ ಅನುಭವಿಗಳು ಗಾಳಿಯಿಲ್ಲದ ಹೊತ್ತು ನೋಡಿ ಸಿಂಪಡಿಸುತ್ತಾರೆ, ಇದಕ್ಕೆ ಬಳಸಿದ ಸಿಂಪರಣೆಯ ಡಬ್ಬವನ್ನು ಬೇರೆಯೇ ಇಡುತ್ತಾರೆ. ಅದನ್ನೇ ನೀರಿನಲ್ಲಿ ಒಮ್ಮೆ ಗಲಬರಿಸಿ ಹಿತ್ತಲ ಟೊಮ್ಯಾಟೊ ಗಿಡಗಳಿಗೆ ಕೀಟನಾಶಕ ಹೊಡೆದವರು, ಕೀಟದೊಡನೆ ಗಿಡವೂ ಮುರುಟಿದ್ದನ್ನು ಕಂಡು ಕೀಟನಾಶಕ ಮಾರಿದವನನ್ನು ಬೈಯುವುದುಂಟು.